ಈರಪ್ಪನ ಎಡ ಅಂಗೈ

ನಾಲ್ಕಕ್ಷರ ಬರೆಯುವ ಶಕ್ತಿಯನ್ನು ಈ ವಯಸ್ಸಿನಲ್ಲಿಯೂ ಉಳಿಸಿದ ಪರಶಿವನಿಗೆ ಮೊದಲ ವಂದನೆ.

ಹಳಿಯಾಳದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಾಜಿ ಸೈನಿಕ ಈರಪ್ಪನ ಅಂಗವಿಕಲ ಪಿಂಚಣಿಯ ಅರ್ಜಿಯನ್ನು ಬರೆಯುತ್ತಿದ್ದೆ. ಗಡಿಯ ಕಾಳಗದಲ್ಲಿ ಅವನ ಎಡಗೈ ಮಣಿಕಟ್ಟಿನವರೆಗೆ ಹೋಗಿತ್ತು. ಅದರಿಂದ ಯಾವ ಕೆಲಸ ನಿಂತಿದೆಯೆಂದು ತಿಳಿಸಬೇಕಿತ್ತು.

“ಹೊಲದ ಕೆಲಸ ಆಗೂದಿಲ್ಲಂತ ಬರೀಲೇನಪಾ?” ಎಂದೆ.

“ಬ್ಯಾಡ್ರಿ ಅಜ್ಜಾರ. ಹೊಲಾ ಉಳೂ ರಂಟಿ ಬಲಗೈಲೆ ಹಿಡೀತೇನಿ. ಸುಳ್ಳ ಹೇಳಿ ತಂದ ರೊಕ್ಕಾ ನಮಗ ಬ್ಯಾಡ. ಲಿಂಗಪೂಜಿ ಅಷ್ಟ ಆಗವಲ್ದು ನೋಡ್ರಿ, ಅದನ್ನ ಬರೀರಿ.”

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಬಲಗೈಯಿಂದ ಪೂಜಿಸುವುದು ನಮ್ಮ ಪದ್ಧತಿ. ಅವನಲ್ಲಿ ಆ ಪೀಠವೇ ಉಳಿದಿಲ್ಲ. ಆದರೆ ಪೂಜೆ ನಿಂತಿತೆಂದು ಬರೆದರೆ ಅಧಿಕಾರಿಗಳು ಪಿಂಚಣಿ ಕೊಡುವರೇ? ಹೊಲದ ಕೆಲಸ ನಿಂತಿತೆಂದು ಬರೆದರೆ ಅವನು ಸಹಿಯನ್ನೇ ಮಾಡಲಾರ. ನಾನು ಓದಿದ ಯಾವ ಶಾಸ್ತ್ರವೂ ಆಗ ನೆರವಿಗೆ ಬರಲಿಲ್ಲ. ಕಡೆಗೆ ಅವನು ಹೇಳಿದಂತೆಯೇ ಬರೆದೆ. ಸಹಿ ಮಾಡಿದ ಈರಪ್ಪನು ಕಾಗದವನ್ನು ಮೋಟುಗೈಯ ಮೇಲಿರಿಸಿ, ಕಣ್ಣಿಗೊತ್ತಿಕೊಂಡು ಹೊರಟನು.

ಸತ್ಯವನ್ನು ಕಾದೆನೋ, ಅವನ ಅನ್ನಕ್ಕೆ ಅಡ್ಡವಾದೆನೋ, ನನಗಿನ್ನೂ ತಿಳಿಯದು. ಈರಪ್ಪನಿಗೂ, ಅವನ ಗಾಯ ಕಟ್ಟಿದ ವೈದ್ಯರಿಗೂ, ಆ ಅರ್ಜಿಯನ್ನು ಓದಲಿರುವ ಅಧಿಕಾರಿಗೂ ಶಿವನು ಒಳಿತನ್ನು ಕರುಣಿಸಲಿ.