ಮಂಟಪದ ಹಿಂದಿನ ಅಂಕಿಗಳು

ಇಲ್ಲಿ ಅಮೆರಿಕದಲ್ಲಿ ಮನೆ ಮಾರುವವರ ಬೇಸ್‌ಮೆಂಟಿಗೆ ಇಳಿದು, ಬುನಾದಿ ಗಟ್ಟಿಯಿದೆಯೋ ಇಲ್ಲವೋ ನೋಡಿ, ಪತ್ರ ಬರೆದು ಸೀಲು ಒತ್ತುವುದು ನನ್ನ ಕಸುಬು. ಆ ಪತ್ರ ಕೊಳ್ಳುವವರ ಅಟಾರ್ನಿಗೂ ಸಾಲ ಕೊಡುವ ಬ್ಯಾಂಕಿಗೂ ಹೋಗುತ್ತದೆ. ಅದರಲ್ಲಿ ಎಡವಟ್ಟಿದ್ದರೆ ಕ್ಲೋಸಿಂಗ್, ಅಂದರೆ ಮನೆ ಕೈಬದಲಾಗುವ ಕೊನೆಯ ವ್ಯವಹಾರ, ನಿಂತಂತೆಯೇ. ಹೋದ ಏಪ್ರಿಲ್‌ನಲ್ಲಿ ಬ್ಯಾಂಕೊಂದು ಕಳಿಸಿದ ಫೈಲಿನಲ್ಲಿ ಮಾರುವವರ ಹೆಸರು ಓದಿ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನನ್ನ ಹಳೆಯ ಬಾಸ್! ಪರಿಚಯದವರ ಮನೆ, ಬೇರೆಯವರಿಗೆ ಕೊಡಿ ಎಂದು ನಾನು ಒಂದು ಸಾಲು ಬರೆಯಬೇಕಿತ್ತು. ನಿಯಮ ಅದೇ. ಬರೆಯಲಿಲ್ಲ. ಏಳು ವರ್ಷ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡವಳು ಆ ಸಾಲು ಬರೆಯುತ್ತಾಳೆಯೇ?

ನಾವೆಲ್ಲ ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು. ಐಸೆಲಿನ್‌ನ ಸೀರೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಅವರ ಆಫೀಸು. ಕೆಲಸ ಕಲಿಸಿದ್ದು ಅವರೇ, ಇಲ್ಲ ಅನ್ನಲಾರೆ. ಗೋಡೆಯಲ್ಲಿ ಬಿರುಕು ಕಂಡರೆ ಅದರ ತುದಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಾರೀಖು ಮತ್ತು ಬಿರುಕಿನ ಅಗಲ ಬರೆಯಬೇಕು. ಮುಂದಿನ ಸಲ ಬಿರುಕು ಆ ಗೆರೆ ದಾಟಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಇದು ಎಲ್ಲ ಎಂಜಿನಿಯರುಗಳೂ ಮಾಡುವುದೇ. ಸರ್ ಮಾತ್ರ ನಮ್ಮಿಂದ ಕನ್ನಡ ಅಂಕಿಗಳಲ್ಲಿ ಬರೆಸುತ್ತಿದ್ದರು. "ಆ ಕಡೆ ಎಂಜಿನಿಯರ್‌ಗೆ ತಲೆಬುಡ ಗೊತ್ತಾಗ್ಬಾರ್ದು ನೋಡು. ನಮ್ಮ ನೋಟ್ಸು ನಮಗಷ್ಟೇ" ಎಂದು ನಗುತ್ತಿದ್ದರು. ಶುಕ್ರವಾರಗಳಂದು ಆಂಟಿ, ಅಂದರೆ ಅವರ ಹೆಂಡತಿ, ಆಫೀಸಿಗೆ ಚಿತ್ರಾನ್ನ ತರುತ್ತಿದ್ದರು. "ನಮಗೆಲ್ಲಿ ಮಕ್ಕಳು ಮರಿ? ನೀವೇ ತಿಂದು ಖಾಲಿ ಮಾಡ್ಬೇಕು" ಎಂದು ಬೇಡವೆಂದರೂ ಇನ್ನೊಂದು ಸೌಟು ಬಡಿಸುತ್ತಿದ್ದರು.

ಆಗ ಒಂದು ಮನೆಯ ಹಿಂಗೋಡೆಯಲ್ಲಿ ಉದ್ದಕ್ಕೆ ಬಿರುಕು ಕಂಡು, ಗುರುತು ಹಾಕಿ, ಫೋಟೋ ತೆಗೆದು, ಕರಡಿನಲ್ಲಿ ಬರೆದುಕೊಟ್ಟೆ. ಸರ್ ಆ ಸಾಲನ್ನು ಕಿತ್ತುಹಾಕಿ, ಬುನಾದಿ ಗಟ್ಟಿ ಎಂದು ಸೀಲು ಒತ್ತಿದರು. ಮಾರುವ ಏಜೆಂಟ್ ಅವರಿಗೆ ಬೇಕಾದವನು. ಮರುವರ್ಷದ ಮಳೆಗೆ ಗೋಡೆ ಒಳಕ್ಕೆ ಬಾಗಿತು, ಕೊಂಡವರ ಅಟಾರ್ನಿ ಆಫೀಸಿಗೇ ಬಂದ. ನಾನು ಫೋಟೋ ಮುಂದಿಟ್ಟೆ. ಬಿರುಕು ನೋಡಿದ್ದೆ, ತಾರೀಖು ಸಮೇತ ಬರೆದಿದ್ದೇನೆ, ಇದು ನಮ್ಮ ಭಾಷೆಯ ಅಂಕಿ ಎಂದೆ. ಸರ್ ಕನ್ನಡಕ ಏರಿಸಿ ನೋಡಿದರು. ಇದು ನನಗೆ ಓದಲು ಬರುವುದಿಲ್ಲ, ಯಾರೋ ಮಕ್ಕಳು ಗೀಚಿದಂತಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ! ತಪ್ಪೆಲ್ಲ ನನ್ನ ತಲೆಗೆ ಕಟ್ಟಿ ಅದೇ ವಾರ ಕೆಲಸದಿಂದ ತೆಗೆದರು.

ಎಚ್-ಒನ್ ವೀಸಾದವಳಿಗೆ ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಅರವತ್ತು ದಿನದ ಗಡುವು. ಇನ್ನೇನು ಸೂಟ್‌ಕೇಸ್ ಕಟ್ಟಬೇಕು ಎನ್ನುವಾಗ ಕ್ರ್ಯಾನ್‌ಬರಿ ಎಂಬ ಊರಿನ ವೇರ್‌ಹೌಸುಗಳ ನೆಲ ಅಳೆಯುವ ಕೆಲಸ ಸಿಕ್ಕಿತು. ಆ ಬಟಾಬಯಲಿನಂಥ ಕಾಂಕ್ರೀಟಿನ ಮೇಲೆ ಲೆವೆಲ್ ಹಿಡಿದು ನಡೆಯುತ್ತ ಸರ್‌ಗೆ ಮನಸ್ಸಿನಲ್ಲೇ ಹಾಕಿದ ಶಾಪಗಳನ್ನು ಇಲ್ಲಿ ಬರೆಯುವಂತಿಲ್ಲ. ಓದಿ, ಪರೀಕ್ಷೆ ಪಾಸು ಮಾಡಿ, ಸ್ವಂತ ಸೀಲು ಪಡೆದೆ.

ಈಗ ಅವರದೇ ಮನೆ. ಮುಂದಿನ ಶುಕ್ರವಾರ ಕ್ಲೋಸಿಂಗ್. ಗೊತ್ತಿರುವ ದೋಷ ಯಾವುದೂ ಇಲ್ಲ ಎಂದು ಮಾರಾಟದ ಫಾರ್ಮಿನಲ್ಲಿ ಅವರ ಸಹಿಯಿತ್ತು. ಬಾಗಿಲು ತೆಗೆದವರು ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಆಮೇಲೆ ನಗು ತಂದುಕೊಂಡರು.

"ಅಯ್ಯೋ, ನೀನಾ! ನಮ್ಮ ಹುಡುಗೀನೇ ಬಂದಿದಾಳೆ ಅಂದ್ಮೇಲೆ ಕೆಲಸ ಆದ ಹಾಗೇ ಬಿಡು. ಫ್ಲೋರಿಡಾದಲ್ಲಿ ಕಾಂಡೋ ಫ್ಲ್ಯಾಟ್ ನೋಡಿ ಆಗಿದೆ ಕಣಮ್ಮ. ಇವಳಿಗೆ ಮಂಡಿ ನೋವು, ಸ್ನೋ ಆಗಲ್ಲ."

ಆಂಟಿ ಒಳಗಿನಿಂದಲೇ "ಎಷ್ಟು ಸೊರಗಿದೀಯೇ! ಕಾಫಿ ಮಾಡ್ತೀನಿ ಇರು" ಎಂದರು.

ಬೇಸ್‌ಮೆಂಟಿನಲ್ಲಿ ಎರಡು ಗಂಟೆ ಹೊತ್ತು ಸರ್‌ಗೆ ನೀರಿಳಿಸಿದೆ. ರಟ್ಟಿನ ಪೆಟ್ಟಿಗೆ, ಹಳೆಯ ಸೋಫಾ, ಅಕ್ಕಿ ಮೂಟೆ, ಕ್ಯಾರಿಯೋಕೆ ಡಬ್ಬ, ಎಲ್ಲವನ್ನೂ ಸರಿಸಲು ಹೇಳಿದೆ. ಬೇಕಿಲ್ಲದ್ದನ್ನೂ ಸರಿಸಿಸಿದೆ. ಅವರು ಏದುಸಿರು ಬಿಡುವುದನ್ನು ನೋಡಿ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಆದರೆ ಮೂರು ಗೋಡೆಗಳೂ ಕಲ್ಲುಗುಂಡಿನಂತಿದ್ದವು. ಥತ್, ಎಂದು ಬೈದುಕೊಂಡೆ. ಹಿಂಗೋಡೆಗೆ ಒರಗಿ ಆಳೆತ್ತರದ ದೇವರ ಮಂಟಪವಿತ್ತು. ಹಿಂದೆ ಸತ್ಯನಾರಾಯಣ ಪೂಜೆಗೆ ಬಂದಿದ್ದಾಗ ಇದೇ ಮಂಟಪ ಮೇಲೆ ಊಟದ ಕೋಣೆಯ ಪಕ್ಕ ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು.

"ದೇವ್ರು ಯಾವಾಗ ಕೆಳಗಿಳಿದ್ರು ಸರ್?"

"ಅದನ್ನ ಮುಟ್ಟಬೇಡಮ್ಮ. ದೀಪ ಹಚ್ಚಿದೆ. ಬೂಟು ಬೇರೆ ಹಾಕಿದೀಯ."

ಅಮೆರಿಕದವನಾದರೆ ಹೆದರಿ ದೂರ ನಿಲ್ಲುತ್ತಾನೆ. ನಮ್ಮವನಾದರೆ ಕೈಮುಗಿದು ಮುಂದೆ ಹೋಗುತ್ತಾನೆ. ಸರ್ ಲೆಕ್ಕ ಹಾಕಿಯೇ ಇಟ್ಟಿದ್ದರು. ನಾನು ಬೂಟು ಬಿಚ್ಚಿದೆ.

"ಸ್ನಾನ ಮಾಡ್ಕೊಂಡೇ ಬಂದಿದೀನಿ ಸರ್" ಎಂದು ದೀಪ ತೆಗೆದು ಕೆಳಗಿಟ್ಟು, ಮಂಟಪವನ್ನು ಮೆಲ್ಲಗೆ ಎಳೆದೆ.

ಉದ್ದಕ್ಕೆ ಬಿರುಕು. ಅದರ ತುದಿಗಳಲ್ಲಿ ಒಂದಾದ ಮೇಲೊಂದು ಮೂರು ಅಡ್ಡಗೆರೆ. ಪಕ್ಕದಲ್ಲಿ ಪೆನ್ಸಿಲ್ಲಿನ ತಾರೀಖು, ಅಗಲ: ೧/೮. ೩/೧೬. ೧/೪. ಕೊನೆಯದು ಬರೆದು ಒಂದು ತಿಂಗಳಾಗಿತ್ತು, ಅಷ್ಟೇ. ಪುಣ್ಯಾತ್ಮ, ಸ್ವಂತ ಮನೆಯ ಗೋಡೆಯನ್ನೂ ಅಳೆಯದೇ ಇರಲಾಗಲಿಲ್ಲ. ಯಾರಿಗೂ ಓದಲು ಬಾರದ ಅಂಕಿ ತಾನೇ ಎಂಬ ಧೈರ್ಯ. ಟಾರ್ಚ್ ಹಿಡಿದು ಒಂದೊಂದನ್ನೂ ಗಟ್ಟಿಯಾಗಿ ಓದಿದೆ. ಇಂಚಿನ ಎಂಟನೇ ಒಂದರಿಂದ ಕಾಲು ಇಂಚಿನವರೆಗೆ.

ಸರ್ ಬೆವರು ಒರೆಸಿಕೊಂಡರು. "ಅದಾ? ಯಾರೋ ಮಕ್ಕಳು ಗೀಚಿರ್ಬೇಕು."

ಅದೇ ಮಾತು! ನನ್ನ ಮೈಯೆಲ್ಲ ಉರಿದುಹೋಯಿತು.

"ಯಾರ ಮಕ್ಕಳು ಸರ್? ನಿಮಗೆಲ್ಲಿದಾವೆ ಮಕ್ಕಳು?"

ಮೆಟ್ಟಿಲ ಮೇಲೆ ಲೋಟ ಬಟ್ಟಲಿಗೆ ತಾಗಿದ ಸದ್ದಾಯಿತು. ಆಂಟಿ ಕಾಫಿ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಕಾಣೆ. ನೋಯುವ ಮಂಡಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬಂದು, ಲೋಟವನ್ನು ವಾಷಿಂಗ್ ಮೆಷೀನಿನ ಮೇಲಿಟ್ಟು, ಗೋಡೆಯನ್ನು ನೋಡಿದರು.

"ಇದು ನಿಮ್ಮ ಅಕ್ಷರ ಕಣ್ರೀ" ಎಂದರು. ನನ್ನ ಕಡೆ ತಿರುಗದೆಯೇ "ಕಾಫಿ ಆರುತ್ತೆ, ಕುಡಿದು ಹೋಗು" ಎಂದು ಮೇಲೆ ಹತ್ತಿದರು.

ಪತ್ರವನ್ನು ಅಂದೇ ಬರೆದೆ. ಬಿರುಕು, ಅಳತೆ, ಫೋಟೋ, ಅಂಕಿಗಳ ಇಂಗ್ಲಿಷ್ ಅನುವಾದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಕ್ಲೋಸಿಂಗ್ ಮುರಿದುಬಿತ್ತು. ಆ ಪತ್ರದ ಬಗ್ಗೆ ನನಗೆ ಇವತ್ತಿಗೂ ಎಳ್ಳಷ್ಟು ಪಶ್ಚಾತ್ತಾಪವಿಲ್ಲ.

ಎರಡು ದಿನದ ಮೇಲೆ ಬ್ಯಾಂಕಿನ ಅಟಾರ್ನಿ ಫೋನ್ ಮಾಡಿದಳು. ಅವು ಮಕ್ಕಳ ಗೀಚಾಟ ಎನ್ನುತ್ತಿದ್ದಾರೆ ಮಾರುವವರು, ಅಲ್ಲವೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದಳು. ಏಳು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ. ಅವು ಕನ್ನಡ ಅಂಕಿಗಳು, ಹಾಗೆ ಬರೆಯುವುದನ್ನು ನನಗೆ ಕಲಿಸಿದ್ದೇ ಆ ಮನೆಯ ಯಜಮಾನರು ಎಂದೆ.

ಆ ಮನೆಯಲ್ಲಿ ಮಕ್ಕಳೇ ಇಲ್ಲ ಎಂದಿದ್ದರೆ ಇನ್ನೂ ಬೇಗ ಮುಗಿಯುತ್ತಿತ್ತು. ಹೇಳಲಿಲ್ಲ. ಅದನ್ನು ಒಂದು ಸಲ, ಆಂಟಿಗೆ ಕೇಳುವಂತೆ, ಹೇಳಿಯಾಗಿತ್ತು.