ಬಲಕ್ಕೆ ಬಂದ ಪಾರ್ವತಿ

ನಿನ್ನೆ ಅಟ್ಟ ಸ್ವಚ್ಛ ಮಾಡುವಾಗ ಒಂದು ಗೋಣಿಚೀಲದಿಂದ ಸೀಮೆಎಣ್ಣೆಯ ವಾಸನೆ ಬಂತು. ಬಿಚ್ಚಿದರೆ ಮಾವನವರು ಕೆತ್ತಿದ ಹಲಗೆ. ಗೆರೆಗಳಲ್ಲಿ ಕರಿ ಶಾಯಿ ಇನ್ನೂ ಕೂತಿತ್ತು. ನಾನೂ ಅಲ್ಲೇ ಕೂತುಬಿಟ್ಟೆ. ಕೆಲಸ ತಪ್ಪಿಸಲು ನನಗೆ ಇಷ್ಟು ನೆವ ಸಾಕು ಬಿಡಿ.

ಮಾವ ನಿಲಂಗಾದ ಶಾಲೆಯೊಂದರಲ್ಲಿ ಚಿತ್ರಕಲೆ ಮಾಸ್ತರರಾಗಿದ್ದವರು. ಹಲಗೆಯಲ್ಲಿ ಸುತ್ತಲಿನ ಹೊಲ, ಜಾಲಿ, ಏರಿ ಕೆತ್ತಿ, ಶಾಯಿ ಬಳಿದು, ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿ ಅಚ್ಚು ತೆಗೆದು, ಹಲಗೆಯನ್ನು ಸೀಮೆಎಣ್ಣೆಯಲ್ಲಿ ಒರೆಸಿಡುತ್ತಿದ್ದರು. ಪ್ರತಿ ಚಿತ್ರದಲ್ಲೂ ಒಬ್ಬ ದೇವರು ಇರಲೇಬೇಕು: ಯೆಣೆಗೂರಿನ ಧಾಬಾ ಮುಂದೆ ಹನುಮಂತ, ತೊಗರಿ ಹೊಲದಲ್ಲಿ ಗಣಪತಿ. ಅತ್ತೆ ಮಾತ್ರ ಒಂದನ್ನೂ ದೇವರ ಜಗಲಿಯ ಮೇಲೆ ಇಟ್ಟವರಲ್ಲ. ಒಂದಾದರೂ ಅಲ್ಲಿಗೆ ಏರಬೇಕೆಂಬುದೇ ಮಾವನ ಆಸೆ. ಬಾಯಿಬಿಟ್ಟು ಕೇಳುವವರಲ್ಲ.

ಅದಕ್ಕೇ ಹಳೆ ಬಾಗಿಲಿನ ಈ ಸಾಗವಾನಿ ಹಲಗೆ ಹಿಡಿದು ಮೂರು ತಿಂಗಳು ಕೂತರು. ಮಾಕಣಿ ಅಣೆಕಟ್ಟಿನ ಏರಿಯ ಮೇಲೆ ಶಿವ ಪಾರ್ವತಿ ನಮ್ಮ ಕಡೆಗೇ ನಡೆದು ಬರುತ್ತಿದ್ದಾರೆ. ಅವನ ಹೆಗಲಿಗೆ ಟವೆಲ್, ಆಕೆಯ ತಲೆಯ ಮೇಲೆ ರೊಟ್ಟಿ ಗಂಟು. ಅಚ್ಚಿನಲ್ಲಿ ಎಲ್ಲ ಅದಲುಬದಲಾಗುತ್ತದಲ್ಲ, ಅದಕ್ಕೆ ತಮ್ಮ ಹೆಸರನ್ನು ಜೋಪಾನವಾಗಿ ಉಲ್ಟಾ ಕೆತ್ತಿದ್ದರು. ಹೆಸರು ಚಂದಾಗಿ ಮೂಡಿತು. ದೇವರನ್ನು ತಿರುಗಿಸುವುದು ಮರೆತಿದ್ದರು.

ಅತ್ತೆ ಕಾಗದ ಹಿಡಿದು ನೋಡಿದರು. “ಅಹೋ, ಪಾರ್ವತಿ ಶಿವನ ಬಲಕ್ಕ ಬಂದಾಳಲ್ರೀ. ಹೆಂಡ್ತಿ ಎಡಕ್ಕ ಇರಬೇಕು. ಇದು ಜಗಲಿ ಮ್ಯಾಲ ಇಡ್ಲಾಕ ಬರಲ್ಲ.”

ಮಾವನ ಮುಖ ಸಪ್ಪಗಾಯಿತು. ಬಾಯಿಗೆ ಬೀಗವಿಲ್ಲದ ನಾನು, “ಕನ್ನಡಿ ಹಿಡಿದು ನೋಡಿದ್ರ ಬರೋಬರ ಆಗ್ತದರಿ,” ಎಂದೆ. ಇಬ್ಬರೂ ನನ್ನನ್ನು ನೋಡಿದ ನೋಟಕ್ಕೆ, ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋದೆ.

ಮಾವ ಹಲಗೆಯನ್ನು ಚೀಲಕ್ಕೆ ತುಂಬತೊಡಗಿದರು. ಅತ್ತೆ ಕಾಗದವನ್ನು ಮತ್ತೊಮ್ಮೆ ನೋಡಿ, “ನಿಮಗ ಎಡಗಿವಿ ಕೇಳಲ್ಲಂತ ಲಗ್ನ ಆದಾಗಿಂದ ನಾನೂ ಬಲಕ್ಕೇ ನಡದೀನಿ,” ಎಂದರು. “ಶಿವಗೂ ಹಂಗೇ ಇರಬೇಕು. ಇರಲಿ ಬಿಡ್ರಿ.” ತಾವೇ ಒಯ್ದು ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದರು. ಮಾವ ಆ ದಿನ ಎರಡು ರೊಟ್ಟಿ ಹೆಚ್ಚು ತಿಂದರು.

ಅತ್ತೆ ಹೋಗಿ ಎರಡು ವರ್ಷ. ಮಾವ ರಸ್ತೆಯಲ್ಲಿ ಬಲಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟೇ ನಡೆಯುತ್ತಾರೆ. ಅಲ್ಲಿಗೆ ಮನೆಯವರು ಯಾರೂ ಹೋಗುವುದಿಲ್ಲ. ನಾನೂ ಎಡಗಡೆಯಿಂದಲೇ ಕೂಗಿ ಕೂಗಿ ಮಾತಾಡುತ್ತಿದ್ದೆ.

ಹಲಗೆ ಒರೆಸಿ ಅವರ ಮುಂದಿಟ್ಟೆ. ಬಹಳ ಹೊತ್ತು ಸವರಿದರು. ಸಂಜೆ ಪೇಟೆಗೆ ಹೊರಟಾಗ ನಾನು ರೂಢಿಯಂತೆ ಎಡಕ್ಕೆ ನಿಂತೆ. ಮಾವ ತಡೆದರು.

“ಯವ್ವಾ, ಈ ಕಡಿ ಬಾ. ಆ ಕಡಿಂದ ನೀ ಏನಂತಿ ಒಂದೂ ಕೇಳಲ್ಲ.”

ಬಲಕ್ಕೆ ಹೋದೆ. ಬಸ್ ಸ್ಟ್ಯಾಂಡ್ ಬರುವ ತನಕ ಅಭ್ಯಾಸ ತಪ್ಪದೆ ಕೂಗಿಯೇ ಮಾತಾಡಿದೆ.