ಹದಿನಾಲ್ಕನೇ ಪುಟದ ಹಗೇವು

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಯಾರೂ ಕೇಳದಿದ್ದರೂ ಇದನ್ನು ನಾನೇ ಹೇಳುತ್ತೇನೆ. ನಮ್ಮೂರು ಗೊಬ್ಬೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎ. ಮುಗಿಸಿದೆ. ತೊಗರಿ ಕೊಯ್ಲಿಗೆ ಹೋಗುತ್ತಲೇ ಎಂ.ಎ. ಓದಿದೆ. ಅಫಜಲಪುರದ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ಅದು ಪ್ರತಿ ಜೂನ್‌ನಲ್ಲಿ ಹೊಸ ಆರ್ಡರ್ ಬಂದರಷ್ಟೇ ಉಳಿಯುವ ಕೆಲಸ. ಆ ಆರ್ಡರಿಗೆ ತಲೆಯಾಡಿಸಬೇಕಾದ ಆಡಳಿತ ಮಂಡಳಿಯವರಲ್ಲಿ ಒಬ್ಬರು ಕಾದಂಬರಿ ಬರೆದರು.

ಬರೆದವರು ನಮ್ಮೂರ ಸಾವ್ಕಾರರ ಕಿರಿಯ ಮಗ. ಚಿಕ್ಕಂದಿನಿಂದ ದೂರದ ವಸತಿ ಶಾಲೆಯಲ್ಲಿ ಬೆಳೆದವರು, ಊರಿಗೆ ಬರುವುದು ಹಬ್ಬಕ್ಕೆ. ಐನೂರು ಪುಟದ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ಬರೇ ಕಾಗುಣಿತ ನೋಡ್ರಿ ಮೇಡಂ, ಕಥಿ ಮುಟ್ಟಬ್ಯಾಡ್ರಿ" ಅಂದರು. ಮುಟ್ಟುವಂಥ ಕಥೆಯೂ ಆಗಿರಲಿಲ್ಲ.

ನಾಯಕ ಒಬ್ಬ ಸಾವ್ಕಾರನ ಮಗ. ಅವನಿಗೆ ಜೀವನ ಬೇಸರವಾಗಿದೆ. ಯಾಕೆ ಬೇಸರ ಎಂದು ಐನೂರು ಪುಟದಲ್ಲಿ ಎಲ್ಲಿಯೂ ಇಲ್ಲ. ಹದಿನಾಲ್ಕನೇ ಪುಟದಲ್ಲಿ ತನ್ನ ವಾಡೆಯ, ಎಂದರೆ ಸಾವ್ಕಾರರ ದೊಡ್ಡ ಮನೆಯ, ಹಿತ್ತಲಿನ ಹಗೇವಿಗೆ ಹಾರುತ್ತಾನೆ. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ಕೊರೆದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಇವನು ಆ ಬಾಯಿಂದ ಇಳಿದು ಇನ್ನೊಂದು ಲೋಕದಲ್ಲಿ ಏಳುತ್ತಾನೆ. ಅಲ್ಲಿ ರೆಕ್ಕೆಯ ಹಾವುಗಳು, ಮಾಟಗಾರರ ಶಾಲೆ, ರಕ್ತ ಕುಡಿಯುವ ಜಹಗೀರದಾರರು, ಹಾರುವ ಕಬ್ಬಿಣದ ಹಡಗು, ಕಾಲ ಹಿಂದಕ್ಕೆ ತಿರುಗಿಸುವ ಗಡಿಯಾರ. ಸಾಲದ್ದಕ್ಕೆ ಮುನ್ನೂರನೇ ಪುಟದಲ್ಲಿ ಭೀಮಾ ನದಿಯಿಂದ ಎದ್ದು ಬರುವ ದೇವತೆ. ಕುರಿ ಕಾಯುವವನಿಂದ ರಾಣಿಯವರೆಗೆ ಎಲ್ಲರೂ ಇವನೊಬ್ಬನಿಗಾಗಿ ಸಾವಿರ ವರ್ಷ ಕಾದು ಕೂತಿದ್ದಾರಂತೆ. ನನಗಾಗಿ ಯಾವ ಕಾಲೇಜಿನ ಕಿಟಕಿಯಲ್ಲೂ ಯಾರೂ ಕಾದಿರಲಿಲ್ಲ. ಎಲ್ಲ ಕಡೆ ಕಾದವಳು ನಾನು.

ಪ್ರಿನ್ಸಿಪಾಲರು ಇದನ್ನು "ಹತ್ತು ಕಾದಂಬರಿ ಕೂಡಿದ ಒಂದು ಕಾದಂಬರಿ" ಎಂದು ಹೊಗಳಿದರು. ಎಳ್ಳಮಾಸಿ ಹಬ್ಬಕ್ಕೆ ಬೇಯಿಸುವ ಭಜ್ಜಿಗೂ ಹತ್ತು ಬಗೆಯ ಕಾಯಿಪಲ್ಯ ಬೀಳುತ್ತವೆ. ಆದರೆ ಒಲೆಯ ಮುಂದೆ ಕೂತವಳಿಗೆ ಯಾವುದು ಮೊದಲು ಬೇಯಬೇಕು ಎಂಬುದು ಗೊತ್ತಿರುತ್ತದೆ. ಇಲ್ಲಿ ಎಲ್ಲವೂ ಹಸಿ.

ಇಂಥ ಕಥೆಗಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಅಜ್ಜಿ ಓದು ಬರಹ ಕಲಿತವಳಲ್ಲ. ಆದರೂ ಅವಳ ಕಥೆಗಳಲ್ಲಿ ಪಾತಾಳಕ್ಕೆ ಇಳಿಯುವವನ ಸೊಂಟಕ್ಕೆ ಹಗ್ಗವಿರುತ್ತಿತ್ತು, ಮೇಲೆ ಹಗ್ಗ ಹಿಡಿದವನಿಗೂ ಒಂದು ಪಾತ್ರವಿರುತ್ತಿತ್ತು. ಯಾಕೆಂದರೆ ನಮ್ಮ ಮನೆಯ ಗಂಡಸರು ಮಾಡುತ್ತಿದ್ದುದೇ ಆ ಕೆಲಸ. ಊರವರ ಹಗೇವಿಗೆ ಇಳಿದು ಜೋಳ ತೆಗೆದು ಕೊಡುವುದು. ಮುಚ್ಚಿಟ್ಟ ಹಗೇವಿನ ಗಾಳಿ ಕೆಟ್ಟಿರುತ್ತದೆ. ಬಾಯಿಯ ಬಂಡೆ ಸರಿಸಿ ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಕಂದೀಲು ಇಳಿಸದೆ ಇಳಿದ. ಸಾವ್ಕಾರರಿಗೆ ಅಂದೇ ಜೋಳ ಬೇಕಾಗಿತ್ತು. ಹಗ್ಗ ಹಿಡಿದಿದ್ದವನು ನನ್ನ ಅಪ್ಪ. ಎಳೆದಾಗ ಮೇಲೆ ಬಂದದ್ದು ಹೆಣ. ಅದು ಈ ಲೇಖಕರ ಮನೆಯದೇ, ಇದೇ ವಾಡೆಯ, ಇದೇ ಹಿತ್ತಲಿನ ಹಗೇವು.

ಕಾಗುಣಿತವೆಲ್ಲ ತಿದ್ದಿದೆ. ಹದಿನಾಲ್ಕನೇ ಪುಟದ ಅಂಚಿನಲ್ಲಿ ಮಾತ್ರ ಕೆಂಪು ಶಾಯಿಯಲ್ಲಿ ಬರೆದೆ: "ಹಗೇವಿಗೆ ಯಾರೂ ಹಾರುವುದಿಲ್ಲ. ಮೊದಲು ಕಂದೀಲು ಇಳಿಸುತ್ತಾರೆ."

ಲೇಖಕರು ಓದಿ ನಕ್ಕರು. "ಇದು ಫ್ಯಾಂಟಸಿ ಅದ ಮೇಡಂ. ಇರಲಿ, ಕಂದೀಲು ಚಲೋ ಐಡಿಯಾ, ಹಾಕ್ತೇನಿ."

ಹಾಕಿದರು. ಪುಸ್ತಕ ಅಚ್ಚಾಗಿ ಬಂದಾಗ ನಾಯಕ ಕಂದೀಲು ಇಳಿಸುತ್ತಾನೆ, ದೀಪ ಆರುತ್ತದೆ, ಅವನು ಮುಗುಳ್ನಗುತ್ತಾನೆ. "ಬೆಳಕು ಆರಿದಲ್ಲೇ ದಾರಿ ತೆರೆಯುತ್ತದೆ" ಎಂದು ಹೇಳಿ ಹಾರುತ್ತಾನೆ. ಆ ಸಾಲನ್ನು ಹಿಂಬದಿಯ ರಕ್ಷಾಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಅದರ ಕೆಳಗೆ ಲೇಖಕರ ಫೋಟೋ, "ಈ ಮಣ್ಣಿನ ಕಥೆಗಾರ" ಎಂಬ ಬಿರುದು. ಕಾರು ಇಳಿದು ಆ ಮಣ್ಣಿನ ಮೇಲೆ ಕಾಲಿಟ್ಟರೆ ಬೂಟು ಒರೆಸಿಕೊಳ್ಳುವವರು ಅವರು.

ಬಿಡುಗಡೆಯ ದಿನ ಪುಸ್ತಕದ ಬಗ್ಗೆ ಮಾತಾಡುವ ಸರದಿ ನನಗೇ ಬಂತು. ಪ್ರಿನ್ಸಿಪಾಲರು ಕರೆದು ಹೇಳಿದರು: "ಎರಡು ಚಲೋ ಮಾತು ಆಡಿ ಕೂತುಬಿಡ್ರಿ. ಜೂನ್ ಹತ್ರ ಬಂದದ."

ಬಿಡುಗಡೆಯ ಹಿಂದಿನ ದಿನ ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಪುಸ್ತಕ ಮೊದಲಿಂದ ಓದಿ ಹೇಳಿದೆ. ಅವನು ತಂಬಾಕು ತಿಕ್ಕುತ್ತ ಹೂಂಗುಟ್ಟುತ್ತಿದ್ದ. ಹದಿನಾಲ್ಕನೇ ಪುಟಕ್ಕೆ ಅಂಗೈ ನಿಂತಿತು.

"ಕಂದೀಲು ಆರಿತೇನು?"

"ಆರಿತು."

"ಆರಿದ ಮ್ಯಾಲೂ ಇಳದಾನ?"

"ಇಳದಾನ. ನಕ್ಕೋತ ಇಳದಾನ."

"ಹಂಗಾದ್ರ ಸತ್ತಾನ ಬಿಡು ಬೇ. ಮುಂದಿಂದು ಯಾಕ ಓದ್ತಿ?"

"ಇನ್ನ ನಾಕನೂರಾ ಎಂಬತ್ತಾರು ಪುಟ ಅದಾವಪ್ಪ."

"ಸತ್ತಾಂವ ಏನ್ ಮಾಡ್ತಾನಬೇ ಅಷ್ಟು ಪುಟದಾಗ?" ಎಂದು ಎದ್ದು ಒಳಗೆ ಹೋದ.

ಮರುದಿನ ಸಭಾಂಗಣ ತುಂಬಿತ್ತು. ನನಗಿಂತ ಮೊದಲು ಮಾತಾಡಿದ ಮೂವರಲ್ಲಿ ಒಬ್ಬರೂ ಪುಸ್ತಕ ತೆರೆದಿರಲಿಲ್ಲ, ಅದು ಅವರ ಹೊಗಳಿಕೆಯಲ್ಲೇ ಗೊತ್ತಾಗುತ್ತಿತ್ತು. ನಾನು ಬರೆದುಕೊಂಡು ಹೋದ ಎರಡು ಚಲೋ ಮಾತು ಕೈಯಲ್ಲೇ ಇದ್ದವು. ಮೈಕಿನ ಮುಂದೆ ನಿಂತು ಹಿಂಬದಿಯ ದಪ್ಪಕ್ಷರದ ಸಾಲು ಓದಿದೆ. ಚಪ್ಪಾಳೆ ಬಿತ್ತು. ಆಮೇಲೆ ದೊಡ್ಡಪ್ಪನ ಸುದ್ದಿ ಹೇಳಿದೆ, ಯಾರ ಹಗೇವು ಎಂದು ಹೇಳಲಿಲ್ಲ. ಕೊನೆಗೆ, "ನನ್ನ ಅಪ್ಪನ ಲೆಕ್ಕದಲ್ಲಿ ಈ ಕಾದಂಬರಿ ಹದಿನಾಲ್ಕನೇ ಪುಟಕ್ಕೆ ಮುಗಿಯುತ್ತದೆ. ನಾಯಕ ತೀರಿಕೊಂಡಿದ್ದಾನೆ" ಎಂದು ಹೇಳಿ ಕೂತೆ.

ಮುಂದಿನ ಸಾಲಿನಲ್ಲಿ ಕೂತವರು ನಗಬೇಕೋ ಬೇಡವೋ ತಿಳಿಯದೆ ವೇದಿಕೆಯ ಮುಖ ನೋಡಿದರು. ಹಿಂದಿನ ಸಾಲಿನಲ್ಲಿ ಇಜೇರಿಯಿಂದ ಬಂದಿದ್ದ ಟೊಪ್ಪಿಗೆಯ ಮುದುಕರೊಬ್ಬರು ಮಾತ್ರ ಗಟ್ಟಿಯಾಗಿ, "ಖರೆ ಅದರಿ, ನಾವೂ ಹಗ್ಗ ಹಿಡದೇವಿ" ಅಂದರು. ಲೇಖಕರು ಉತ್ತರ ಕೊಡುವಾಗ "ಕಲ್ಪನೆ ಅಂದ್ರ ಎಲ್ಲರಿಗೂ ದಕ್ಕೂದಲ್ಲ" ಎಂದು ನನ್ನತ್ತ ನೋಡಿದರು. ಹೌದು, ನನಗೆ ದಕ್ಕಲಿಲ್ಲ. ಅವರಿಗೂ ದಕ್ಕಿಲ್ಲ; ತಮ್ಮ ಹಿತ್ತಲಿನಲ್ಲಿ ಸತ್ತ ಮನುಷ್ಯನನ್ನೇ ಕಲ್ಪಿಸಿಕೊಳ್ಳಲಾರದವರು ಏಳು ಲೋಕ ಕಲ್ಪಿಸಲು ಹೊರಟಿದ್ದರು.

ಜೂನ್ ಬಂತು. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮನೆಗೆ ಬಂದು ಹೇಳಿದಾಗ ಅಪ್ಪ ಊಟಕ್ಕೆ ಕೂತಿದ್ದ.

"ಮೊದಲ ಕಂದೀಲು ಇಳಿಸಿ ನೋಡಿದ್ದಿಲ್ಲೇನು?"

"ನೋಡಿದ್ದೆ. ಆರಿತ್ತು."

"ಆದ್ರೂ ಇಳದಿ?"

"ಇಳದೆ."

ಬೈಯುತ್ತಾನೆ ಅಂದುಕೊಂಡೆ. ಅವನು ರೊಟ್ಟಿಯ ಬುಟ್ಟಿ ನನ್ನ ಕಡೆ ಸರಿಸಿದ.

"ಹೊರಗ ಬಂದಿಯಲ್ಲ. ಉಣ್ಣು."